ಇಳಿಜಾರ ಓಣಿಯ ಬಸರಿ ಕಟ್ಟೆ

ಕದವಿಕ್ಕುವ ಕಾಲದ ಕೊನೆಯ ಪಕ್ಷ, ನೆರಳಳತೆ ಶುರುವಾದ ಅರವತ್ತೊಂದನೆಯ ವರ್ಷ. ನಿಮ್ಮ ಎಣಿಕೆಯಲ್ಲಿ ಇದು ಇಸವಿ ೨೧೭೩ ಇರಬೇಕು. ಒಂದೆರಡು ವರ್ಷ ಹೆಚ್ಚುಕಡಿಮೆಯಾಗಿದ್ದರೆ ಕ್ಷಮಿಸಿ.

ಹಿಂದಿನವರಿಗೆ,

ಹಳೆಯ ಕಾಗದಗಳನ್ನು ಕಾಲೇಜಿನಲ್ಲಿ ಓದಿದ್ದೇನೆ. ಹಿರಿಯರಿಗೆ ಬರೆಯುವಾಗ ತೀರ್ಥರೂಪರೆಂದೂ ಕಿರಿಯರಿಗೆ ಬರೆಯುವಾಗ ಚಿರಂಜೀವಿಯೆಂದೂ ನಿಮ್ಮ ಅಜ್ಜಂದಿರು ಆರಂಭಿಸುತ್ತಿದ್ದರು. ನೀವು ನನಗಿಂತ ಎಷ್ಟೋ ತಲೆಮಾರು ಮೊದಲು ಹುಟ್ಟಿದವರು. ಆದರೆ ಇದನ್ನು ಓದುವವರಲ್ಲಿ ಅನೇಕರು ವಯಸ್ಸಿನಲ್ಲಿ ನನಗಿಂತ ಚಿಕ್ಕವರಿರಬಹುದು. ಯಾವುದು ಸರಿಯೆಂದು ತೋಚದೆ ಎರಡನ್ನೂ ಬಿಟ್ಟಿದ್ದೇನೆ. ಅದಾದ ಮೇಲೆ ಬರಬೇಕಾದ 'ನಾವಿಲ್ಲಿ ಕ್ಷೇಮ' ಎಂಬ ಸಾಲನ್ನೂ ಬಿಟ್ಟಿದ್ದೇನೆ. ಅದನ್ನು ಮರೆತದ್ದಲ್ಲ.

ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ನಿಮ್ಮ ಮಾತುಗಳೂ ನನಗೆ ಹಾಗೆಯೇ ಕೇಳಿಸಿವೆ. ಜಿಟಿಜಿಟಿ, ಸೋನೆ, ತುಂತುರು ಎಂದು ನೀವು ಮಳೆಗೆ ಇಟ್ಟ ಹೆಸರುಗಳನ್ನು ನಾನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದವಳು. ನಮಗೆ ಗೊತ್ತಿರುವ ಮಳೆ ಒಂದೇ. ಅದು ವರ್ಷದಲ್ಲಿ ಕೆಲವೇ ಸಲ, ಗೋಡೆ ಬಿದ್ದ ಹಾಗೆ ಬೀಳುತ್ತದೆ. ಸಿಮೆಂಟಿನ ಮೇಲೆ ಎದೆಮಟ್ಟ ಹರಿದು, ಮರುದಿನಕ್ಕೆ ಗುರುತೂ ಉಳಿಯದಂತೆ ಹೋಗಿಬಿಡುತ್ತದೆ. ಹೀರಿಕೊಳ್ಳಲು ನೆಲವಿಲ್ಲ.

ಇಂಥ ಓಲೆಗೆ ನಾವು ಹಿಂದೋಲೆ ಎನ್ನುತ್ತೇವೆ. ಒಂದು ಓಣಿ ಖಾಲಿಯಾಗುವಾಗ ಅಲ್ಲಿಯವರಲ್ಲಿ ಬರೆಯಬಲ್ಲ ಒಬ್ಬರು ಹಿಂದಿನ ಕಾಲದವರಿಗೆ ಓಲೆ ಬರೆದು, ಹೊರಡುವ ಬೆಳಿಗ್ಗೆ ಎಲ್ಲರ ಮುಂದೆ ಓದಿ, ಅಲ್ಲಿಯೇ ಬಿಟ್ಟು ಹೋಗಬೇಕು. ಯಾರು ಶುರು ಮಾಡಿದರೋ ಗೊತ್ತಿಲ್ಲ. ಓಲೆ ಹಿಂದಕ್ಕೆ ಹೋಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಸತ್ತವರ ಕಿವಿಯಲ್ಲಿ ಹೆಸರು ಹಿಡಿದು ಕೂಗುವವರಿಗೂ ಅದು ಗೊತ್ತಿರುತ್ತದೆ.

ನಮ್ಮದು ಹುಬ್ಬಳ್ಳಿಯ ಇಳಿಜಾರ ಓಣಿ. ನಾಳೆ ಖಾಲಿಯಾಗುತ್ತದೆ. ಬರೆಯುವ ಕೆಲಸ ನನಗೆ ಹೇಗೆ ಬಂತೆಂದರೆ, ಓಣಿಯ ಹಿರಿಯ ತಿಪ್ಪಣ್ಣ ಎಲ್ಲರನ್ನೂ ಸೇರಿಸಿ, "ಸಾಹಿತ್ಯ ಓದಿದಾಕಿ ನಮ್ಮೊಳಗ ಒಬ್ಬಾಕಿನ ಅದಾಳ, ಮತ್ಯಾರ್ನ ಹುಡುಕೂದು?" ಎಂದು ನನ್ನ ಕಡೆ ಕೈ ತೋರಿಸಿದರು.

"ಓದ್ಯಾಳ ಖರೆ, ಬಾಯಿ ಎಲ್ಲೈತಿ?" ಎಂದಳು ಮೆಹಬೂಬಿ ಚಾಚಿ. ಓಣಿಯಲ್ಲಿ ಯಾರು ಯಾವಾಗ ನೆರಳಿನಲ್ಲಿ ಕೂರಬೇಕೆಂಬ ಪಾಳಿಯನ್ನು ನೋಡಿಕೊಳ್ಳುವವಳು ಅವಳೇ. "ಪಾಳಿ ಕೇಳಾಕ ಬಂದ್ರೂ ಕಂಬದ ಹಿಂದ ನಿಂತು ಕೇಳ್ತಾಳ. ನಾ ಕಂಬಕ್ಕ ಪಾಳಿ ಕೊಟ್ಟು ಕಳಸ್ತೀನಿ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಅವಳು ಹೇಳಿದ್ದು ನಿಜ.

"ಬರಿಯಾಕ ಬಾಯಿ ಯಾಕ ಬೇಕು, ಕೈ ಸಾಕು," ಎಂದರು ತಿಪ್ಪಣ್ಣ. "ಆದ್ರ ಏನ್ ಬರಿಬೇಕು ಅನ್ನೂದು ಮೊದ್ಲ ಗಟ್ಟಿ ಆಗ್ಲಿ."

"ಗಟ್ಟಿ ಮಾಡೂದೇನೈತಿ? ಚಂದಾಗಿ ಬೈದು ಬರಿ, ದಾನವ್ವಾ."

"ಅವ್ರು ನಮ್ಮ ಹಿರೇರು. ಹಿರೇರಿಗೆ ಬೈದ್ರ ನಾಲಿಗ್ಯಾಗ ಹುಳಾ ಬೀಳ್ತಾವ, ಮೆಹಬೂಬಿ."

"ಹಿರೇರಂತ ಹಿರೇರು! ಹಿರೇರಾದವ್ರು ಮೊಮ್ಮಕ್ಕಳಿಗೆ ಒಂದ್ ಬಾವಿ ಇಟ್ಟು ಹೋಗ್ತಾರ, ಒಂದ್ ಗಿಡಾ ಇಟ್ಟು ಹೋಗ್ತಾರ. ಇವ್ರು ಏನ್ ಇಟ್ರು? ಕಾರು ನಿಲ್ಲಸಾಕ ಜಾಗಾ ಇಟ್ಟು ಹೋದ್ರು! ಇಷ್ಟ್ ಜಾಗಾದಾಗ ಏನ್ ನಿಲ್ಲಸೂನು ನಾವು? ನಿನ್ನ?"

ಕೊನೆಗೆ ಬೈದು ಬರೆಯುವುದೆಂದೇ ತೀರ್ಮಾನವಾಯಿತು. ಆ ಸಭೆಯಲ್ಲಿ ಒಂದು ಮಾತನ್ನೂ ಆಡದೆ ಕುಳಿತವರು ಗುರುಸಿದ್ದಪ್ಪಜ್ಜ ಒಬ್ಬರೇ. ಅವರು ಓಣಿಯ ಗೌಂಡಿ, ಗಾರೆ ಕೆಲಸದವರು. ಅವರ ಬಗ್ಗೆ ಮುಂದೆ ಬರೆಯುತ್ತೇನೆ. ಅದಕ್ಕೆ ಮೊದಲು ನಾವು ಹೇಗಿದ್ದೇವೆಂದು ನಿಮಗೆ ಗೊತ್ತಾಗಬೇಕು.

ನೀವು ಊರಿನ ನಡುವೆ ಕಟ್ಟಿದ ಮೇಲ್ಸೇತುವೆಯ ಮೇಲೆಯೇ ನಮ್ಮ ಮನೆಗಳಿವೆ. ಅದರ ಮೇಲೆ ಓಡುವ ಗಾಡಿಗಳು ನಿಂತುಹೋಗಿ ಎಷ್ಟೋ ಕಾಲವಾಯಿತು. ಮಳೆ ಬಂದರೆ ಕೆಳಗಿನದೆಲ್ಲ ಮುಳುಗುವುದರಿಂದ ಜನ ಸೇತುವೆ ಹತ್ತಿದರು. ನೀವು ಮಧ್ಯದಲ್ಲಿ ಎಳೆದ ಬಿಳಿ ಗೆರೆಗಳು ಈಗ ನಮ್ಮ ಅಂಗಳಗಳ ನಡುವಿನ ಗಡಿ. ಗೆರೆ ದಾಟಿ ಕಸ ಗುಡಿಸಿದರೆ ಜಗಳವಾಗುತ್ತದೆ. ಸೇತುವೆ ನೆಲಕ್ಕೆ ಇಳಿಯುವ ತುದಿಯಲ್ಲಿ ನಾವಿರುವುದರಿಂದ ಓಣಿಗೆ ಆ ಹೆಸರು. ವರ್ಷದಲ್ಲಿ ನಾಲ್ಕು ತಿಂಗಳು ಕದವಿಕ್ಕುವ ಕಾಲ. ಆಗ ಹೊತ್ತು ಏರಿದ ಮೇಲೆ ಬಾಗಿಲು ತೆರೆಯುವಂತಿಲ್ಲ. ಅಡುಗೆ, ನೀರು, ಪಾಠ, ಮದುವೆ ಎಲ್ಲವೂ ನಸುಕಿನಲ್ಲಿ ಮುಗಿಯಬೇಕು. ಮನೆಯೊಳಗೂ ಮುದುಕರಿಗೆ, ಬಾಣಂತಿಯರಿಗೆ, ಹಸುಗೂಸುಗಳಿಗೆ ಮಧ್ಯಾಹ್ನ ಕಳೆಯುವುದು ಆಗದ ಮಾತು. ಗೋಡೆ ಒಳಗಿನಿಂದ ಹಂಚಿನ ಹಾಗೆ ಕಾಯುತ್ತದೆ. ಅವರಿಗಾಗಿಯೇ ನೆರಳಿನ ಪಾಳಿ. ಸಿಮೆಂಟಿನ ನೆರಳು ಸುಡುತ್ತದೆ, ಎಲೆಯ ನೆರಳು ಮಾತ್ರ ಕಾಪಾಡುತ್ತದೆ ಎಂಬುದನ್ನು ನಮ್ಮಲ್ಲಿ ಎದೆಹಾಲು ಬಿಡುವ ಮೊದಲೇ ಮಕ್ಕಳು ಕಲಿಯುತ್ತವೆ.

ನಮಗೂ ಹಸಿರು ಬೆಳೆಸಲು ಬರುತ್ತದೆ, ತಪ್ಪು ತಿಳಿಯಬೇಡಿ. ಅದಕ್ಕೆ ಸಂದಿಗೆಲಸ ಎನ್ನುತ್ತೇವೆ. ಬರಿಯ ನೆಲ ಉಳಿದಿಲ್ಲವಾದ್ದರಿಂದ ನೀವು ಕಣ್ಣೆತ್ತಿ ನೋಡದೆ ಬಿಟ್ಟ ಸಂದಿಗಳನ್ನು ಹುಡುಕಿ ಹುಡುಕಿ ತುಂಬುತ್ತೇವೆ. ಮೆಟ್ಟಿಲುಗಳ ಕೆಳಗಿನ ಮೂಲೆ, ಬಸ್ ನಿಲ್ದಾಣದ ಚಾವಣಿ, ರೈಲುಹಳಿಗಳ ನಡುವಿನ ಜಲ್ಲಿ, ಗಟಾರದ ಮೇಲಿನ ಚಪ್ಪಡಿ ಒಡೆದ ಕಡೆ. ಸೇತುವೆಯ ಕಂಬಗಳಿಗೆ ನಿಮ್ಮ ಕಾಲದವರು ಬಡಿದ ಕಬ್ಬಿಣದ ಕೊಕ್ಕೆಗಳ ಸಾಲುಗಳಿವೆ. ಅವುಗಳಲ್ಲಿ ಹಿಂದೆ ಹೂಕುಂಡಗಳನ್ನು ತೂಗುಹಾಕಿದ್ದರೆಂದೂ, ಫೋಟೋ ತೆಗೆಸಿಕೊಂಡ ಮೇಲೆ ನೀರು ನಿಂತಿತೆಂದೂ ಒಂದು ಮಾತಿದೆ. ನಿಜವೋ ಸುಳ್ಳೋ ನೀವೇ ಬಲ್ಲಿರಿ. ಈಗ ಆ ಕೊಕ್ಕೆಗಳಿಂದ ನಿಮ್ಮ ಹೆಲ್ಮೆಟ್ಟುಗಳು ತಲೆಕೆಳಗಾಗಿ ತೂಗುತ್ತವೆ. ಅವುಗಳಲ್ಲಿ ಪುದೀನ, ಬಸಳೆ, ದೊಡ್ಡಪತ್ರೆ. ಒಂದು ಹಿಡಿ ಮಣ್ಣಿಗಾಗಿ ಹಳೆಯ ಗೋಡೆಗಳನ್ನು ಕೆರೆಯುತ್ತೇವೆ. ಬೀಗರ ಮನೆಗೆ ಹೋಗುವಾಗ ಮಣ್ಣು ಕಟ್ಟಿಕೊಂಡು ಹೋಗುವುದು ನಮ್ಮಲ್ಲಿ ದೊಡ್ಡ ಮರ್ಯಾದೆ. ಇಷ್ಟೆಲ್ಲ ಮಾಡಿಯೂ ನೆಟ್ಟದ್ದರಲ್ಲಿ ಬಹುಪಾಲು ಕದವಿಕ್ಕುವ ಕಾಲ ದಾಟುವುದಿಲ್ಲ. ಹೆಲ್ಮೆಟ್ಟಿನಲ್ಲಿ ಮರ ಬೆಳೆಯುವುದಿಲ್ಲ. ಮರಕ್ಕೆ ಕೆಳಗೆ ಇಳಿಯಲು ಜಾಗ ಬೇಕು. ಆ ಜಾಗವನ್ನು ನೂರೈವತ್ತು ವರ್ಷ ಹಿಂದೆಯೇ ಬಿಟ್ಟಿರಬೇಕಿತ್ತು.

ನಮ್ಮ ಓಣಿಗೆ ಮಾತ್ರ ಒಂದು ಮರವಿತ್ತು. ಬಸರಿ ಮರ. ಇಳಿಜಾರು ನೆಲ ಮುಟ್ಟುವಲ್ಲಿ, ತಲೆಬಾಗಿಯೂ ಹೊಗಲಾರದಷ್ಟು ತಗ್ಗಾದ ಒಂದು ಮೂರು ಮೂಲೆಯ ಸಂದಿಯಿದೆ. ನಿಮ್ಮವರು ಅಲ್ಲಿ ಸಿಮೆಂಟು ಹಾಕಲಿಲ್ಲ. ಒಳ್ಳೆಯ ಮನಸ್ಸಿನಿಂದ ಬಿಟ್ಟದ್ದಲ್ಲ. ಅಲ್ಲಿ ಗಾಡಿ ನಿಲ್ಲುತ್ತಿರಲಿಲ್ಲ, ಅಂಗಡಿ ಹಿಡಿಸುತ್ತಿರಲಿಲ್ಲ, ಒಡೆದ ಇಟ್ಟಿಗೆ ಸುರಿದು ಮರೆತರು. ಮೇಲಿನ ಮಳೆನೀರಿನ ಕೊಳವೆ ಆ ಸಂದಿಗೆ ಸೋರುತ್ತಿತ್ತು. ಸಂದಿಯ ತೆರೆದ ಬಾಯಲ್ಲಿ ಯಾವುದೋ ಹಕ್ಕಿ ಬೀಜ ಉದುರಿಸಿತು. ಯಾರೂ ನೋಡದೆ ಇದ್ದುದರಿಂದ ಅದು ಬೆಳೆಯಿತು. ಬೆಳೆದು ಸಂದಿಯಿಂದ ಆಚೆಗೆ ವಾಲಿ, ರಸ್ತೆಯ ಮೇಲೆ ಹರಡಿ, ಕೊನೆಗೆ ನಮ್ಮ ಓಣಿಯ ಉಸಿರೇ ಆಯಿತು. ಮಳೆ ನಿಂತ ಮೇಲೆ ನಮ್ಮ ಸ್ನಾನದ ನೀರು ಅದೇ ಕೊಳವೆಯಲ್ಲಿ ಇಳಿಯುತ್ತಿತ್ತು. ಮೇಲೆ ನಾವು ಮೀಯುತ್ತಿದ್ದೆವು, ಕೆಳಗೆ ಅದು ಕುಡಿಯುತ್ತಿತ್ತು. ಇಬ್ಬರಿಗೂ ಅದು ಗೊತ್ತಿರಲಿಲ್ಲ ಎನ್ನಬೇಕು. ಕೊಳವೆಯ ನೀರನ್ನು ನಾವು ಹೊಲಸು ನೀರೆಂದು ತಿಳಿದಿದ್ದೆವು.

ಈ ಮರ ನಮಗೆ ಏನಾಗಿತ್ತೆಂಬುದನ್ನು ಹೇಳಲು ನೆರಳಳತೆಯ ವಿಷಯ ಹೇಳಬೇಕು. ಪ್ರತಿ ವರ್ಷ ಕದವಿಕ್ಕುವ ಕಾಲದ ಕೊನೆಗೆ ನಗರದಿಂದ ಅಳತೆಯವರು ಬರುತ್ತಾರೆ. ನೆತ್ತಿಯ ಬಿಸಿಲಿನಲ್ಲಿ ಎಲೆಯ ನೆರಳು ಬಿದ್ದಲ್ಲೆಲ್ಲ ಬಿಳಿಯ ಬಟ್ಟೆ ಹಾಸುತ್ತಾರೆ. ಓಣಿಯ ಮಕ್ಕಳು ಮುದುಕರೆಲ್ಲ ಅಷ್ಟು ಬಟ್ಟೆಯ ಮೇಲೆ ಕೂರುವಂತಿದ್ದರೆ ಓಣಿ ಇನ್ನೊಂದು ವರ್ಷ ಉಳಿಯುತ್ತದೆ. ಇಲ್ಲದಿದ್ದರೆ ನೀರು ನಿಲ್ಲಿಸಿ ಜನರನ್ನು ತಂಪುಸಾಲೆಗೆ ಕಳಿಸುತ್ತಾರೆ. ಹಗಲಿನಲ್ಲಿ ಜನ ಸತ್ತ ಓಣಿಗಳನ್ನು ನೋಡಿ ಮಾಡಿದ ಕಾನೂನು ಇದು, ಕೇಡಿಗಾಗಿ ಮಾಡಿದ್ದಲ್ಲ. ತಂಪುಸಾಲೆಯೆಂದರೆ ನೆಲದೊಳಗೆ ಕೊರೆದ ಉದ್ದನೆಯ ಕೋಣೆಗಳು. ಅಲ್ಲಿ ಯಾರೂ ಬಿಸಿಲಿಗೆ ಸಾಯುವುದಿಲ್ಲ. ಆದರೆ ಎಲ್ಲಿ ಹಾಸಿಗೆ ಖಾಲಿಯೋ ಅಲ್ಲಿಗೆ ಕಳಿಸುತ್ತಾರೆ. ತಾಯಿಯ ಜೊತೆ ಮೊಲೆಯುಣ್ಣುವ ಕೂಸನ್ನು ಮಾತ್ರ ಬಿಡುತ್ತಾರೆ. ಉಳಿದವರು ಒಬ್ಬೊಬ್ಬರು ಒಂದೊಂದು ದಿಕ್ಕು. ಹೋದವರು ಮರಳಿದ್ದನ್ನು ನಾನು ಕೇಳಿಲ್ಲ. ಓಣಿ ಎಂಬುದು ಅಲ್ಲಿಗೆ ಮುಗಿಯಿತು. ಬಸರಿ ಇರುವವರೆಗೆ ನಾವು ಓಣಿಯಾಗಿದ್ದೆವು.

ಗುರುಸಿದ್ದಪ್ಪಜ್ಜನ ಹೆಂಡತಿ ನಿಂಗವ್ವಾಯಿ. ಮೊಣಕಾಲು ಬಾತು, ತಗ್ಗಿನಲ್ಲಿ ಕೂತರೆ ಏಳಲಾರದಂತಾಗಿದ್ದಳು. ಬಸರಿಯ ಬುಡದಲ್ಲಿ ಕೊಳವೆಯ ನೀರಿನಿಂದ ಯಾವಾಗಲೂ ರಾಡಿ. ಪಾಳಿ ಬಂದ ಮುದುಕಿಯರು ಆ ರಾಡಿಗೆ ಹೇಸಿ, ನೆರಳು ಮುಗಿಯುವ ಅಂಚಿನ ಕಲ್ಲುಗಳ ಮೇಲೆ ಕೂರುತ್ತಿದ್ದರು. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ನಿಂಗವ್ವಾಯಿ ಹಾಗೆಯೇ ಅಂಚಿನಲ್ಲಿ ಕೂತಿದ್ದಳು. ನೆರಳು ಸರಿಯಿತು, ಅವಳು ಸರಿಯಲಿಲ್ಲ. ನಿದ್ದೆ ಹತ್ತಿದೆಯೆಂದು ಎಲ್ಲರೂ ತಿಳಿದರು. ಮುಂದಿನ ಪಾಳಿಯವರು ಬಂದು ಎಬ್ಬಿಸಿದಾಗ ಏಳಲಿಲ್ಲ.

ಅಜ್ಜ ಹದಿಮೂರನೆಯ ದಿನ ಕಳೆದ ಮೇಲೆ ತಿಪ್ಪಣ್ಣನವರ ಬಳಿ ಬಂದು, "ಗಿಡಕ್ಕೊಂದು ಕಟ್ಟಿ ಕಟ್ಟತೀನಿ," ಎಂದರು.

ಇದನ್ನು ಕೇಳಿ ಓಣಿಯಲ್ಲಿ ಕಣ್ಣೊರೆಸಿಕೊಳ್ಳದವರು ಇರಲಿಲ್ಲ. ಮರಕ್ಕೆ ಕಟ್ಟೆ ಕಟ್ಟುವುದಕ್ಕಿಂತ ದೊಡ್ಡ ಗೌರವ ಬೇರೆ ಏನಿದೆ? ಅದನ್ನು ನೀವೇ ನಮಗೆ ಕಲಿಸಿದಿರಿ. ನಿಮ್ಮ ಕಾಲದ ಚಿತ್ರಗಳಲ್ಲಿ ಪ್ರತಿಯೊಂದು ದೊಡ್ಡ ಮರದ ಸೊಂಟಕ್ಕೂ ಒಂದು ಕಟ್ಟೆಯನ್ನು ನೋಡಿದ್ದೇನೆ. ನಮ್ಮಲ್ಲಿ ಹೊಸದಾಗಿ ಕಟ್ಟುವ ಕೆಲಸವೇ ಇಲ್ಲ. ಗೌಂಡಿಯಾದವನು ಹಳೆಯದನ್ನು ಒಡೆದು ಇಟ್ಟಿಗೆ ಕೆರೆದು ಜೀವನ ಮಾಡುತ್ತಾನೆ. ಅಜ್ಜನಿಗೆ ಅದು ಬದುಕಿನಲ್ಲಿ ತಾವಾಗಿ ಕಟ್ಟಿದ ಒಂದೇ ಕಟ್ಟಡ. ಎಲ್ಲರೂ ಕೈಜೋಡಿಸಿದೆವು. ಬಿದ್ದ ಮನೆಗಳ ಬಚ್ಚಲುಗಳಿಂದ ನಿಮ್ಮ ಟೈಲ್ಸ್ ಚೂರುಗಳನ್ನು ಆರಿಸಿ ತಂದೆವು. ನೀಲಿ, ತಿಳಿಗುಲಾಬಿ, ಒಂದರ ಮೇಲೆ ಅರ್ಧ ಮೀನಿನ ಚಿತ್ರ. ಅಜ್ಜ ಬುಡದ ಸುತ್ತ ಸೊಂಟದೆತ್ತರ ಕಲ್ಲು ಕಟ್ಟಿ, ಒಳಗೆ ಇಟ್ಟಿಗೆ ಪುಡಿ ತುಂಬಿ, ಮೇಲೆ ಸಿಮೆಂಟು ಬಿಗಿದು, ಕಾಂಡಕ್ಕೆ ತಾಗುವ ತನಕ ಟೈಲ್ಸ್ ಕೂಡಿಸಿದರು. ರಾಡಿ ಆಗಬಾರದೆಂದು ಕೊಳವೆಯ ಬಾಯನ್ನು ತಿರುಗಿಸಿ ಗಟಾರಕ್ಕೆ ಬಿಟ್ಟರು.

ಎಷ್ಟು ಚೆಂದವಿತ್ತು ಎಂದರೆ! ಮುದುಕಿಯರು ಕಾಲು ಇಳಿಬಿಟ್ಟು ಕೂತರು. ಹೆಂಗಸರು ಮರಕ್ಕೆ ಉಡಿ ತುಂಬಿದರು. ಮೆಹಬೂಬಿ ಚಾಚಿ ಸಕ್ಕರೆ ಹಂಚಿ, ಅಜ್ಜನ ಕಡೆ ನೋಡಿ, "ನಮ್ಮ ನಿಂಗವ್ವ ಇದ್ದಿದ್ರ ಪಾಳಿ ಮುಗದ್ರೂ ಏಳತಿದ್ದಿಲ್ಲ ನೋಡ್ರಿ, ನಾನ ಬಡಿಗಿ ತಗೊಂಡು ಎಬ್ಬಸಬೇಕಾಗತಿತ್ತು," ಎಂದಳು. ಅಜ್ಜ ನಕ್ಕರು. ಆಯಿ ಹೋದ ಮೇಲೆ ಅವರು ನಕ್ಕದ್ದನ್ನು ನಾನು ಮೊದಲ ಸಲ ನೋಡಿದೆ. ಆ ವರ್ಷ ಅಂಚಿನಲ್ಲಿ ಕೂತು ಯಾರೂ ಸಾಯಲಿಲ್ಲ.

ಮಾತು ಕಡಿಮೆಯಿರುವವರಿಗೆ ನೋಡುವುದಕ್ಕೆ ಸಮಯ ಹೆಚ್ಚು ಸಿಗುತ್ತದೆ. ಬಸರಿ ಎಲೆ ಉದುರಿಸಿ ಚಿಗುರುವಾಗ ತಾಮ್ರದ ಬಣ್ಣದ ಎಲೆಗಳು ಒಮ್ಮೆಲೇ ಹೊರಡುತ್ತಿದ್ದವು. ಮರುವರ್ಷ ಅವು ಬಿಡಿಬಿಡಿಯಾಗಿ ಬಂದವು, ನನ್ನ ಅಂಗೈಗಿಂತ ಸಣ್ಣವಾಗಿ. ಹಣ್ಣು ಕಾಯಿಯಲ್ಲೇ ಉದುರಿತು. ಕಾಂಡದ ಮೇಲೆ ಸಾಲು ಹಿಡಿದು ಹತ್ತುತ್ತಿದ್ದ ಇರುವೆಗಳು ಬೇರೆ ಕಡೆ ಹೋದವು. ನಾನು ತಿಪ್ಪಣ್ಣನವರಿಗೆ ಹೇಳಿದೆ. ನನ್ನ ದನಿಯನ್ನು ಜನ ಸಾಮಾನ್ಯವಾಗಿ ಎರಡನೆಯ ಸಲಕ್ಕೆ ಕೇಳಿಸಿಕೊಳ್ಳುತ್ತಾರೆ. ಮೂರನೆಯ ಸಲಕ್ಕೆ ಅವರು ತಿರುಗಿ ನೋಡಿದರು.

"ಎಲಿ ಸಣ್ಣ ಆಗ್ಯಾವ ಅಂತೀ? ಕಟ್ಟಿ ಆದ ಮ್ಯಾಲ ಗಿಡಕ್ಕ ಏನ್ ಕಳೆ ಬಂದೈತಿ ನೋಡಬಾರ್ದಾ?"

"ಬೇರಿಗೆ ನೀರ ಇಲ್ರೀ, ಅಣ್ಣಾರ. ಕೊಳವಿ ತಿರುಗಸೇವಿ."

"ಆ ಹೊಲಸು ನೀರ? ಅದನ್ನ ದೇವ್ರಿಗೆ ಕುಡಸೂನೇನು? ಅದಕ್ಕೇನ್ ನೀರ ಕಡಿಮಿ ಆಗೇತಿ ತಂಗಿ, ಶುಕ್ರವಾರಕ್ಕೊಮ್ಮೆ ಮನಿಗೊಂದು ಚೊಂಬು ಹಾಕ್ತೀವಲ್ಲ."

ಹೌದು, ಹಾಕುತ್ತಿದ್ದೆವು. ಕುಡಿಯುವ ನೀರಿನಲ್ಲಿ ಉಳಿಸಿದ ಚೊಂಬು. ಶುಕ್ರವಾರ ನಸುಕಿನಲ್ಲಿ ಹೆಂಗಸರು ಸಾಲಾಗಿ ಬಂದು ಕಾಂಡಕ್ಕೆ ಸುರಿಯುತ್ತಿದ್ದರು. ನೀರು ಕಾಂಡದಿಂದ ಇಳಿದು, ಟೈಲ್ಸಿನ ಮೇಲೆ ಹೊಳೆಯುತ್ತ ಹರಿದು, ಅರ್ಧ ಮೀನನ್ನು ತೊಳೆದು, ಅಜ್ಜ ಅಷ್ಟು ಚೊಕ್ಕವಾಗಿ ಕೊಟ್ಟ ವಾಟದಲ್ಲಿ ಜಾರಿ ಗಟಾರ ಸೇರುತ್ತಿತ್ತು. ಒಂದು ಹನಿ ಒಳಗಿಳಿಯುತ್ತಿರಲಿಲ್ಲ. ಕೆಲಸ ಅಷ್ಟು ಗಟ್ಟಿಯಾಗಿತ್ತು.

ಕೊನೆಗೆ ಅಜ್ಜನಿಗೇ ಹೇಳಿದೆ. ಅವರು ಕಟ್ಟೆಯ ಮೇಲೆ ಕೂತಿದ್ದರು. ನಾನು ಕಂಬದ ಹಿಂದಿನಿಂದ ಈಚೆ ಬಂದು ಹೇಳಿದೆ. ಅವರು ಟೈಲ್ಸಿನ ಮೇಲೆ ಅಂಗೈಯಿಟ್ಟು, ಜ್ವರ ನೋಡುವ ಹಾಗೆ ಬಹಳ ಹೊತ್ತು ಇದ್ದರು. ಮರುದಿನ ನಸುಕಿನಲ್ಲಿ ಸುತ್ತಿಗೆ ಹಿಡಿದು ಬಂದರು.

ಓಣಿ ಒಡೆಯಗೊಡಲಿಲ್ಲ. "ಪೂಜಿ ಆದ ಕಟ್ಟಿ ಐತಿ, ಉಡಿ ತುಂಬಿದ ಗಿಡ ಐತಿ, ಸುತ್ತಿಗಿ ಮುಟ್ಟಿದ್ರ ಓಣಿಗೆ ಕೇಡು," ಎಂದರು ತಿಪ್ಪಣ್ಣ. ಮುದುಕಿಯರು ಕಟ್ಟೆಯ ಮೇಲೆ ಹತ್ತಿ ಕೂತರು. ಅವರಲ್ಲಿ ಒಬ್ಬಳು, "ನಿನ್ನ ಹೆಣ್ತಿ ಹೆಸರ್ಲೆ ಕಟ್ಟಿದ್ದಲ್ಲೋ, ನಿನ್ನ ಕೈಯಾರೆ ಒಡೀತಿಯೇನು?" ಎಂದು ಅತ್ತಳು. ಮೆಹಬೂಬಿ ಚಾಚಿಯೊಬ್ಬಳೇ, "ಒಡೀಲಿ ಬಿಡ್ರೆ, ಗಿಡ ಇದ್ರ ಕಟ್ಟಿ, ಗಿಡ ಇಲ್ಲಂದ್ರ ಬರೇ ಕಲ್ಲು," ಎಂದಳು. ಅವಳ ಮಾತಿಗೆ, ಇದು ನಮ್ಮ ಪೂಜೆಯ ವಿಷಯ, ನಿನಗೇನು ಗೊತ್ತು ಎಂದು ಯಾರೋ ಅಂದುಬಿಟ್ಟರು. ಅಂಥ ಮಾತು ನಮ್ಮ ಓಣಿಯಲ್ಲಿ ಅದುವರೆಗೆ ಬಂದಿರಲಿಲ್ಲ. ಅವಳು ಆಮೇಲೆ ಹಲವು ದಿನ ಪಾಳಿಯನ್ನೂ ಕೂಗಲಿಲ್ಲ.

ಅರ್ಧ ಮರ ಬೋಳಾದ ಮೇಲೆ, ಈ ವರ್ಷದ ಕದವಿಕ್ಕುವ ಕಾಲ ಶುರುವಾಗುವ ಮುಂಚೆ, ಮುದುಕಿಯರೇ ಎದ್ದು ದಾರಿ ಬಿಟ್ಟರು. ಅಜ್ಜ ಒಡೆದರು. ಕಟ್ಟಲು ಹತ್ತಿದ್ದಕ್ಕಿಂತ ಹೆಚ್ಚು ಹೊತ್ತು ಒಡೆಯಲು ಹತ್ತಿತು. ಒಳಗೆ ಮಣ್ಣು ಹಿಟ್ಟಿನಂತಿತ್ತು, ಊದಿದರೆ ಹಾರುವಷ್ಟು. ಹೊರಗೆ ದಾರಿ ಸಿಗದ ಎಳೆ ಬೇರುಗಳು ಕಾಂಡಕ್ಕೇ ಸುತ್ತಿ ಸುತ್ತಿ ಕಂಬಳಿಯಂತೆ ಹೆಣೆದುಕೊಂಡು ಒಣಗಿದ್ದವು. ಕೊಳವೆಯ ಬಾಯನ್ನು ಮತ್ತೆ ಬುಡಕ್ಕೆ ತಿರುಗಿಸಿದರು. ಮೇಲೆ ಓಣಿಯವರೆಲ್ಲ ತಮಗಿದ್ದ ನೀರಿನಲ್ಲಿ ಬೇಕೆಂದೇ ಎರಡೆರಡು ಸಲ ಮಿಂದರು. ಸ್ನಾನ ಮಾಡುತ್ತ ಅಳುವುದನ್ನು ನಾನು ಆಗಲೇ ಕೇಳಿದ್ದು, ಗೋಡೆಗಳು ತೆಳ್ಳಗಿವೆ. ತೆಂಕಣ ದಿಕ್ಕಿನ ಒಂದು ಕೊಂಬೆಯಲ್ಲಿ ನಾಲ್ಕು ಎಲೆ ಬಂದವು. ಅಷ್ಟೇ.

ಅಳತೆಯವರು ಬರುವ ಮುನ್ನಾ ದಿನ ಮೆಹಬೂಬಿ ಚಾಚಿ ಮನೆಮನೆಗೆ ಹೋಗಿ ಹಸಿರು ಬಟ್ಟೆ ಬೇಡಿದಳು. ಸೀರೆಯ ಸೆರಗು, ದುಪ್ಪಟ್ಟಾ, ಕೂಸಿನ ಕುಲಾಯಿ. ಎಲ್ಲವನ್ನೂ ಎಲೆಯ ಹಾಗೆ ಕತ್ತರಿಸಿ ಬೋಳು ಕೊಂಬೆಗಳಿಗೆ ಕಟ್ಟಿಸಿದಳು. ತಿಪ್ಪಣ್ಣ ಏಣಿ ಹಿಡಿದರು. ಇಬ್ಬರೂ ಅದುವರೆಗೆ ಮಾತು ಬಿಟ್ಟಿದ್ದರು. ದೂರದಿಂದ ನೋಡಿದರೆ ಮರ ತುಂಬಿಕೊಂಡಂತೆಯೇ ಇತ್ತು. ನೆಲದ ಮೇಲೆ ನೆರಳೂ ಬಿದ್ದಿತ್ತು. ಅಳೆಯಲು ಬಂದವಳು ನನ್ನ ವಯಸ್ಸಿನ ಹುಡುಗಿ. ತಲೆಯೆತ್ತಿ ನೋಡಿದಳು. ನಗುತ್ತಾಳೆಂದು ನಾವು ಹೆದರಿದ್ದೆವು. ಅವಳು ನಗಲಿಲ್ಲ.

"ಬಟ್ಟಿ ಉಸಿರಾಡೂದಿಲ್ರೀ, ಚಾಚಿ," ಎಂದಳು.

"ನಾವ್ ಆಡ್ತೀವಲ್ಲವಾ," ಎಂದಳು ಚಾಚಿ.

ಹುಡುಗಿ ಚೀಲದಿಂದ ಬಿಳಿ ಬಟ್ಟೆ ತೆಗೆದು ಆ ನಾಲ್ಕು ಎಲೆಗಳ ಕೆಳಗೆ ಹಾಸಿದಳು. ಒಂದು ಕರವಸ್ತ್ರದಷ್ಟೂ ಆಗಲಿಲ್ಲ. ಅದನ್ನು ಮಡಚಿ, ಬಿಚ್ಚಿ, ಮೂಲೆಗೆ ಮೂಲೆ ಕೂಡಿಸಿ ಮತ್ತೆ ಮಡಚಿ ಒಳಗಿಟ್ಟಳು. ಅವಳದೂ ಯಾವುದೋ ಓಣಿಯಿದ್ದೀತು.

ನಾನು ಈ ಓಲೆಯನ್ನು ಮೊದಲು ಬೇರೆ ರೀತಿ ಬರೆದಿದ್ದೆ. ಓಣಿಯ ತೀರ್ಮಾನದಂತೆ ಬೈದು ಬರೆದಿದ್ದೆ. ನಿಮ್ಮ ಲೇಔಟುಗಳು, ನಿಮ್ಮ ಕೆರೆಗಳ ಮೇಲಿನ ನಿಲ್ದಾಣಗಳು, ಅಂಗಳಕ್ಕೆಲ್ಲ ಬಿಗಿದ ಕಾಂಕ್ರೀಟು, ಕಾಲಿಗೆ ಮಣ್ಣು ಹತ್ತಬಾರದೆಂಬ ನಿಮ್ಮ ಹಟ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕಟ್ಟೆಯ ಸುದ್ದಿ ಮಾತ್ರ ಇರಲಿಲ್ಲ. ನಾಳೆ ಇದನ್ನು ಗಟ್ಟಿಯಾಗಿ ಓದುವಾಗ ಅಜ್ಜ ಎದುರಿಗೆ ನಿಂತಿರುತ್ತಾರೆ; ಆಮೇಲೆ ಅವರನ್ನು ನಾನು ನೋಡುವುದಿಲ್ಲ. ಅವರಿಗೆ ಸಿಕ್ಕಿದ್ದು ಬಡಗಣ ತಂಪುಸಾಲೆ. ಇವತ್ತು ಬೆಳಿಗ್ಗೆ ಅವರೇ ನನ್ನ ಬಾಗಿಲಿಗೆ ಬಂದರು.

"ನನ್ನ ಹೆಸರು ಬರದಿ ಏನವಾ?"

"ಇಲ್ಲಜ್ಜಾ."

"ಕಟ್ಟಿ ಸುದ್ದಿ?"

ನಾನು ಇಲ್ಲವೆಂದು ತಲೆಯಲ್ಲಾಡಿಸಿದೆ.

"ಬರಿ," ಎಂದರು. "ಬರೇ ಬೈಗಳಾ ಬರದ್ರ ಹಿಂದಿನವ್ರು ಏನಂತಾರ? ಇದು ಯಾರೋ ಕೆಟ್ಟವ್ರ ಸುದ್ದಿ, ನಮ್ಮದಲ್ಲ ಅಂತಾರ. ಯಾರೂ ತಾವು ಕೆಟ್ಟವ್ರು ಅಂತ ಓದೂದಿಲ್ಲ, ತಂಗಿ. ಗುರುಸಿದ್ದಪ್ಪ ಅಂಬಾಂವ ಒಬ್ಬ ಪ್ರೀತಿಲೆ ಸಿಮೆಂಟ್ ಹಾಕಿದ ಅಂತ ಬರಿ. ಆವಾಗ ಗುರ್ತು ಹಿಡೀತಾರ."

ಬರೆದಿದ್ದೇನೆ. ಬೈಗುಳವೆಲ್ಲ ತೆಗೆದಿದ್ದೇನೆ. ಮೆಹಬೂಬಿ ಚಾಚಿಗೆ ನಾಳೆ ಸಿಟ್ಟು ಬರಬಹುದು. ಕಾರು ನಿಲ್ಲಿಸುವ ಜಾಗದ ಮಾತನ್ನು ಅವಳಿಗಾಗಿ ಉಳಿಸಿದ್ದೇನೆ.

ನಿಮ್ಮಲ್ಲಿ ನಮ್ಮ ಕೋರಿಕೆ ದೊಡ್ಡದಲ್ಲ. ಕಾಡು ಬೆಳೆಸಿರೆಂದು ಕೇಳುತ್ತಿಲ್ಲ. ಅದು ನಿಮ್ಮ ಕೈಯಲ್ಲಾಗಲಿಲ್ಲವೆಂದು ನಮಗೆ ಗೊತ್ತು. ನೀವು ದಿನವೂ ಹಾದುಹೋಗುವ ದಾರಿಯಲ್ಲಿ, ಮೆಟ್ಟಿಲ ಕೆಳಗೋ ಸೇತುವೆಯ ಮಗ್ಗುಲಲ್ಲೋ ಗೋಡೆಯ ಹಿಂದೋ, ಯಾವುದಕ್ಕೂ ಉಪಯೋಗವಿಲ್ಲದ ಒಂದು ಮೂಲೆ ಇದ್ದೇ ಇರುತ್ತದೆ. ಅಲ್ಲಿ ಏನೋ ತೊಟ್ಟಿಕ್ಕುತ್ತಿರುತ್ತದೆ, ಏನೋ ಹುಟ್ಟುತ್ತಿರುತ್ತದೆ. ಅದರ ಬುಡದ ಮಣ್ಣನ್ನು ತೆರೆದಿರಲು ಬಿಡಿ. ನೀರು ಇಳಿಯಲು ಬಿಡಿ. ರಾಡಿಯಾದರೆ ಆಗಲಿ, ಕಾಲು ತೊಳೆದುಕೊಳ್ಳಿ. ಕೂರಲು ಜಾಗ ಬೇಕಾದರೆ ಮನೆಯಿಂದ ಒಂದು ಮಣೆ ತನ್ನಿ, ಏಳುವಾಗ ತೆಗೆದುಕೊಂಡು ಹೋಗಿ. ಅಲ್ಲಿಗೆ ಫಲಕ ಬೇಡ, ಬಣ್ಣ ಬೇಡ, ಉದ್ಘಾಟನೆ ಬೇಡ. ಅದರ ಮೇಲೆ ಬಹಳ ಪ್ರೀತಿ ಬಂದ ದಿನ ದಯವಿಟ್ಟು ಇನ್ನೂ ಎಚ್ಚರವಾಗಿರಿ.

ನೀವು ಈ ಮಾತನ್ನು ನಡೆಸಿದ್ದರೆ ಈ ಊರಿನಲ್ಲಿ ಒಂದಲ್ಲ, ಓಣಿಗೊಂದು ಬಸರಿ ಇರುತ್ತಿತ್ತು. ಒಂದನ್ನು ಕಳೆದುಕೊಂಡರೂ ನಾವು ಇನ್ನೊಂದರ ಕೆಳಗೆ ಹೋಗಿ ಕೂರುತ್ತಿದ್ದೆವು. ಗುರುಸಿದ್ದಪ್ಪಜ್ಜನ ತಪ್ಪು ಒಂದು ಮರದ ತಪ್ಪಾಗಿ ಉಳಿಯುತ್ತಿತ್ತು. ಆಗ ಈ ಓಲೆ ಬರೆಯುವ ಕಾರಣವೂ ಇರುತ್ತಿರಲಿಲ್ಲ. ನಾನು ಬರೆಯುತ್ತಿದ್ದೇನೆ. ಹಾಗಾಗಿ ನೀವು ಏನು ಮಾಡಿದಿರೆಂದು ನನಗೆ ಗೊತ್ತಿದೆ.

ಗೊತ್ತಿದ್ದೂ ಕೇಳುತ್ತಿದ್ದೇನೆ. ನಾಳೆ ಇದನ್ನು ಓದುವಾಗ ನನ್ನ ದನಿ ಏಳದಿದ್ದರೆ, ಕೊನೆಯ ಸಾಲನ್ನು ಓಣಿಯವರೆಲ್ಲ ಕೂಡಿ ಓದುತ್ತಾರಂತೆ, ತಿಪ್ಪಣ್ಣ ಹೇಳಿದ್ದಾರೆ. ಅದಕ್ಕೆಂದು ಆ ಸಾಲನ್ನು ಎಲ್ಲರ ಬಾಯಿಗೂ ಬರುವಂತೆ ಸಣ್ಣದಾಗಿ ಬರೆದಿದ್ದೇನೆ.

ಸ್ವಲ್ಪ ಮಣ್ಣು ಬಿಡಿ.

ಇಳಿಜಾರ ಓಣಿಯವರೆಲ್ಲರ ಪರವಾಗಿ,
ದಾನಮ್ಮ